ಎರಡು ಬೆರಳು ಬೆಳೆದ ಬಂಡೆ

ನಮ್ಮೂರಿನಲ್ಲಿ ರವಿವಾರ ಮಧ್ಯಾಹ್ನ ಯಾರೂ ಮಾಳಿಗೆಯ ಮೇಲೆ ಕೂತು ತಲೆ ಬಾಚಿಕೊಳ್ಳುವುದಿಲ್ಲ. ಹರಿದ ಅಂಗಿಯನ್ನು ಹೊರಗೆ ಒಣಹಾಕುವುದಿಲ್ಲ. ಗಂಡಹೆಂಡಿರ ಜಗಳವಿದ್ದರೆ ಒಳಗೆ, ತೊಲೆಯ ಕೆಳಗೆ ಮುಗಿಸಿಕೊಳ್ಳುತ್ತಾರೆ. ಏಕೆಂದರೆ ರವಿವಾರ ಹೊತ್ತು ನೆತ್ತಿಯಿಂದ ತುಸು ಇಳಿದಾಗ ಊರು ಮೇಲಿನಿಂದ ಹೇಗೆ ಕಾಣುತ್ತದೋ, ಅದೇ ಚಿತ್ರ ಸೋಮವಾರ ಬೆಳಿಗ್ಗೆ ಚಾವಡಿಯ ಪಡುವಣ ಗೋಡೆಯ ಮೇಲೆ ಮೂಡುತ್ತದೆ. ಹೊತ್ತು ಮುಳುಗುವವರೆಗೆ ಇರುತ್ತದೆ, ಆಮೇಲೆ ಮಾಸುತ್ತದೆ. ಅದು ಉಪಗ್ರಹದ ಚಿತ್ರ ಎಂದು ನಮ್ಮ ಶಾಲೆಯ ಗುರುಪಾದ ಮಾಸ್ತರರು ಹೇಳುತ್ತಾರೆ. ಬೇರೆ ಊರುಗಳಲ್ಲಿ ಫೋನಿನೊಳಗೆ ಬರುತ್ತದಂತೆ, ನಮ್ಮಲ್ಲಿ ಗೋಡೆಗೆ ಬರುತ್ತದೆ. ಅವರವರ ಊರಿನ ರೂಢಿ.

ಊರು ಇದಕ್ಕೆ ಹೊಂದಿಕೊಂಡು ಎಷ್ಟು ತಲೆಮಾರಾಯಿತೋ ಗೊತ್ತಿಲ್ಲ. ಹೆಂಗಸರು ರವಿವಾರ ಮಾಳಿಗೆಯ ಮೇಲೆ ಕೌದಿ ಹರವುತ್ತಾರೆ, ಬಿಸಿಲು ಕಾಣಲಿ ಎಂದಲ್ಲ, ಸೋಮವಾರ ನಾಲ್ಕು ಜನ ನೋಡಲಿ ಎಂದು. ಗಾಣಿಗರ ತಿಪ್ಪವ್ವ ಒಮ್ಮೆ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮಾಳಿಗೆಯ ತುಂಬ ತನ್ನ ಮೈದುನನ ಹೆಸರು ಬರೆದು, ಮುಂದೆ ಒಂದು ಬೈಗುಳ ಸೇರಿಸಿದ್ದಳು. ಸೋಮವಾರ ಇಡೀ ಊರು ಓದಿತು. ಕನ್ಯೆ ನೋಡಲು ಬರುವ ಬೀಗರು ಮೊದಲು ಗೋಡೆ ನೋಡಿ, ಬಣವೆ ನೆಟ್ಟಗಿದೆಯೋ ಇಲ್ಲವೋ ತಿಳಿದುಕೊಂಡು, ಆಮೇಲೆ ಮನೆಯ ಹೊಸ್ತಿಲು ತುಳಿಯುತ್ತಾರೆ. ಬದುವಿನ ಜಗಳ, ಕಳೆದ ದನ, ಕೆರೆಯಲ್ಲಿ ನೀರು ಎಷ್ಟು ಉಳಿದಿದೆ ಎಂಬ ವಾದ, ಎಲ್ಲ ಗೋಡೆಯ ಮುಂದೆಯೇ ತೀರುತ್ತವೆ. ಹೀಗಾಗಿ ನಮ್ಮವರಿಗೆ ನಡೆದು ಹೋಗಿ ನೋಡುವ ಅಭ್ಯಾಸ ತಪ್ಪಿತ್ತು. ಕಣ್ಣಿಗೆ ಕಂಡದ್ದಕ್ಕೆ ಕಾಲು ಯಾಕೆ ಸವೆಸಬೇಕು ಎನ್ನುವುದು ಇಲ್ಲಿಯ ಮಾತು.

ಆ ಗೋಡೆ ಓದುವ ಕಾಯಕ ನನ್ನದಾಗಿತ್ತು. ನನ್ನ ಹೆಸರು ನೀಲಗಂಗಾ, ಊರವರು ಗ್ವಾಡಿ ನೀಲವ್ವ ಎನ್ನುತ್ತಾರೆ. ನನಗಿಂತ ಮೊದಲು ನಮ್ಮಪ್ಪ ರಾಚಪ್ಪ ಓದುತ್ತಿದ್ದ. ಓದುವುದೆಂದರೆ ಅಕ್ಷರವಲ್ಲ. ಇಡೀ ಸೀಮೆ ಒಂದು ಗೋಡೆಯೊಳಗೆ ಹಿಡಿದು ಬಂದಾಗ ಎತ್ತು ಎಳ್ಳಿನಷ್ಟಾಗಿರುತ್ತದೆ. ಕಪ್ಪಗೆ ಕಂಡದ್ದು ನೆರಳೋ ನೀರೋ, ಹಸಿರು ಕಂಡದ್ದು ತೊಗರಿಯೋ ಪುಂಡಿಯೋ ಬರಿಯ ಕಳೆಯೋ, ಇದನ್ನು ಬೇವಿನ ಕೋಲು ಹಿಡಿದು ಹೇಳಬೇಕು. ತಪ್ಪು ಮಾಡಿದವರ ಮನೆಗೆ ಸುಣ್ಣದ ಸುತ್ತು ಎಳೆಯುವುದೂ ಓದುವವರ ಕೆಲಸವೇ. ಒಮ್ಮೆ ಸುತ್ತು ಬಿತ್ತೆಂದರೆ ಆ ಮನೆಗೆ ಊರಲ್ಲಿ ಬೆಂಕಿಯಿಲ್ಲ, ನೀರಿಲ್ಲ, ಮುಂದಿನ ರವಿವಾರದೊಳಗೆ ತಲೆಯ ಮೇಲೆ ಹೊತ್ತಷ್ಟನ್ನು ಹೊತ್ತು ಸೀಮೆ ದಾಟಬೇಕು. ಹೊರಗಿನವನಾದರೆ ಅವನು ಬೀಡುಬಿಟ್ಟ ಜಾಗಕ್ಕೆ ಸುತ್ತು, ಅವನ ದನಕುರಿ ಊರ ಪಾಲು. ಹದಿನೆಂಟು ವರ್ಷದಲ್ಲಿ ನಾನು ಏಳು ಸುತ್ತು ಎಳೆದಿದ್ದೆ. ಒಂದನ್ನೂ ಅಳಿಸಬೇಕಾಗಿ ಬಂದಿರಲಿಲ್ಲ, ಅದರ ಗರ್ವ ನನಗೆ ಬೇಕಾದಷ್ಟಿತ್ತು.

ಅನುಮಾನ ನಮ್ಮ ಮನೆತನಕ್ಕೆ ಹುಟ್ಟಿನಿಂದ ಬಂದದ್ದು. ಅಪ್ಪ ಹೇಳುತ್ತಿದ್ದ, “ಗ್ವಾಡಿ ಮುಂದ ಬಂದವ ತನ್ನ ಮನಿ ನೋಡತಾನ, ಇಲ್ಲಾ ಮಂದಿ ಮನಿ ನೋಡತಾನ. ಯಾರೂ ಇಲ್ಲದ ಜಾಗಾ ನೋಡವನ ಮ್ಯಾಲ ಕಣ್ಣಿಡು ಮಗಳ.” ನಾನು ಎಲ್ಲರ ಮೇಲೂ ಕಣ್ಣಿಟ್ಟೆ. ಹಾಲಿನವಳ ತಂಬಿಗೆಯ ಮೇಲೆ, ಅಯ್ಯನವರ ಜೋಳಿಗೆಯ ಮೇಲೆ, ಕೈಮುಗಿದು ನಗುವವರ ಮೇಲಂತೂ ಎರಡು ಕಣ್ಣು. ನನ್ನ ಮದುವೆಯ ಮಾತು ಬಂದಾಗ ವರನ ಮಾಳಿಗೆಯನ್ನು ಗೋಡೆಯ ಮೇಲೆ ನೋಡಿ ಬೇಡವೆಂದೆ. ಅಷ್ಟು ಸ್ವಚ್ಛವಾಗಿ ಗುಡಿಸಿದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎನಿಸಿತ್ತು. ಅವನು ಈಗ ಮೂರು ಮಕ್ಕಳ ತಂದೆ, ಮಾಳಿಗೆ ಇನ್ನೂ ಸ್ವಚ್ಛವಾಗಿಯೇ ಇದೆ.

ಮನೆಯಲ್ಲಿ ನಾನು ಮತ್ತು ತಮ್ಮ ಅಡಿವೆಪ್ಪ ಇಬ್ಬರೇ. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನಾರು. ತುತ್ತು ಮಾಡಿ ಉಣಿಸಿ ಬೆಳೆಸಿದವಳು ನಾನೇ. ಈಗ ಮೂವತ್ತು ದಾಟಿದ ಗಂಡಸು. ನಾನು ತೋರಿಸುವವಳಾದರೆ ಅವನು ಮುಚ್ಚುವವನು: ರವಿವಾರದ ಮಟ್ಟಿಗೆ ಅಂಗಳವನ್ನು ಮರೆಮಾಡಬೇಕು ಎಂದವರಿಗೆ ತಾಡಪತ್ರಿ ಬಾಡಿಗೆಗೆ ಕೊಡುತ್ತಿದ್ದ. ಕರಿಯವು, ಒಂದೊಂದು ಅಂಗಳದಷ್ಟು ದೊಡ್ಡವು. ಮೊದಮೊದಲು ಚೆನ್ನಾಗಿ ನಡೆಯಿತು. ಆದರೆ ಸೋಮವಾರ ಜನ ತಾಡಪತ್ರಿ ಹಾಕಿದ ಮನೆಯನ್ನೇ ಹೆಚ್ಚು ನೋಡತೊಡಗಿದರು, ಒಳಗೆ ಏನಿದ್ದೀತು ಎಂಬ ಗುಸುಗುಸು ಶುರುವಾಯಿತು. ಇದಕ್ಕಿಂತ ಬಟಾಬಯಲೇ ಲೇಸೆಂದು ಎಲ್ಲರೂ ವಾಪಸು ತಂದು ಒಗೆದರು. ಒಂದರ ಮೂಲೆ ಹರಿದಿತ್ತು. ಹಳೆಯ ಧೋತರದಿಂದ ಮೂರು ಮೂಲೆಯ ಬಿಳಿ ತೇಪೆ ಕತ್ತರಿಸಿ ನಾನೇ ಹೊಲಿದೆ. ತಾಡಪತ್ರಿಗಳು ಅಟ್ಟ ಸೇರಿದವು, ತಮ್ಮ ಅಗಸಿಯ ಕಟ್ಟೆ ಸೇರಿದ.

ಒಂದು ವರ್ಷ ಹಾಗೇ ಕೂತ. ಆಮೇಲೆ ಇದ್ದಕ್ಕಿದ್ದಂತೆ ಗೋಡೆಯ ಕೆಲಸದಲ್ಲಿ ಅವನಿಗೆ ಆಸಕ್ತಿ ಹುಟ್ಟಿತು. ರೊಟ್ಟಿ ಮುರಿಯುತ್ತ ಕೇಳುತ್ತಿದ್ದ, “ಅಕ್ಕಾ, ತೊಗರಿ ನಡುವ ಬ್ಯಾರೆ ಏನರ ಬೆಳದ್ರ ಗ್ವಾಡ್ಯಾಗ ಗುರ್ತ ಸಿಗತೈತೇನು?” “ಸಿಗಲಾರದೇನ, ಹಸರಿಗೆ ಹಸರು ಕೂಡೂದಿಲ್ಲ,” ಎನ್ನುತ್ತಿದ್ದೆ ನಾನು. “ನೀರಿನ ಹಾದಿ ಹೆಂಗ ಹಿಡೀತಿ?” ಅದನ್ನೂ ಹೇಳಿದೆ. “ಮಂದಿ ಓಡಾಡೂ ಕಡೆ ಯಾವುದು, ಓಡಾಡದ ಕಡೆ ಯಾವುದು?” ಅದನ್ನೂ ಹೇಳಿದೆ. ನನ್ನ ಕಾಯಕ ನನಗೇ ಮುಗಿಯುತ್ತದೆ ಎಂದುಕೊಂಡಿದ್ದವಳಿಗೆ ತಮ್ಮ ಕೈಜೋಡಿಸಿದನಲ್ಲ ಎಂದು ಎದೆ ತುಂಬಿತು. ಇಡೀ ಊರನ್ನು ಅನುಮಾನಿಸಿದ ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಇಂಥ ಹೊತ್ತಿನಲ್ಲಿ ಸಿದರಾಯ ಬಂದ. ಅವನು ಎಲ್ಲಿಂದಲೋ ಬಂದ ಕುರಿಗಾರ. ಎಂಬತ್ತು ಕುರಿ, ಒಂದು ನಾಯಿ, ಹೆಗಲ ಮೇಲೊಂದು ಕಂಬಳಿ, ಅವನ ಬದುಕೆಲ್ಲ ಅಷ್ಟೇ. ಸೋಮವಾರ ಬೆಳಿಗ್ಗೆ ಬಂದು ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತವನು ಸಂಜೆಯವರೆಗೆ ಏಳಲಿಲ್ಲ. ಎಲ್ಲರೂ ತಮ್ಮ ತಮ್ಮ ಮಾಳಿಗೆ ನೋಡಿ, ನೆರೆಯವರ ಮಾಳಿಗೆ ನೋಡಿ, ಮೂಗು ಮುರಿದು ಹೋದರೆ ಇವನು ಬಡಗಣ ಮೂಲೆಯ ಕೊಳ್ಳದ ಕಡೆ ಕಣ್ಣು ನೆಟ್ಟು ಕೂತಿದ್ದ. ಎರಡನೆಯ ಸೋಮವಾರವೂ ಹಾಗೇ. ಮೂರನೆಯ ಸೋಮವಾರ ನನಗೆ ತಡೆಯಲಾಗಲಿಲ್ಲ.

“ಯಾರ ಮನಿ ಹುಡಕಾಕತ್ತಿಯೋ?” ಎಂದೆ.

“ಮನಿ ಅಲ್ಲವ್ವ. ಮಂದಿ ಇಲ್ಲದ ಜಾಗಾ ಹುಡಕಾಕತ್ತೇನಿ,” ಎಂದ, ಕಣ್ಣು ತಿರುಗಿಸದೆ.

ಅಪ್ಪನ ಮಾತು ಕಿವಿಯಲ್ಲಿ ಗಂಟೆ ಹೊಡೆಯಿತು. ಅಂದೇ ಪೊಲೀಸ್ ಠಾಣೆಗೆ ಹೋಗಿ ಫೌಜದಾರ ವಸಂತರಾಯರಿಗೆ ಸುದ್ದಿ ಮುಟ್ಟಿಸಿದೆ. ಅವರು ಮೀಸೆ ತೀಡಿದರು. “ಈಗಿನ ಗಾಂಜಾದವರು ಕಾಲೀಲೆ ಹುಡಕೂದಿಲ್ಲ ನೀಲವ್ವ. ಕುಂತಲ್ಲೇ ಉಪಗ್ರಹದ ಚಿತ್ರ ನೋಡಿ ಜಾಗಾ ಹಿಡೀತಾರ. ನೀರಿರಬೇಕು, ಹಾದಿ ಇರಬಾರದು, ಮಂದಿ ಸುಳೀಬಾರದು. ಬ್ಯಾರೆ ಕಡೆ ಕದ್ದು ನೋಡ್ತಾರ, ನಾವಂತೂ ಚಾವಡ್ಯಾಗ ಪುಗಸಟ್ಟೆ ತೋರಸ್ತೀವಿ. ನೀವು ಹೇಳಿದ್ದ ಚಲೋ ಆತು,” ಎಂದರು. ನಾನು ಸೆರಗು ಹೊದ್ದು ದೊಡ್ಡ ಕೆಲಸ ಮಾಡಿದವಳಂತೆ ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಕೆರೆಗೆ ಹೋದ ಹೆಂಗಸರು ಕೊಡ ಅಲ್ಲೇ ಬಿಟ್ಟು ಓಡಿ ಬಂದರು. ಸಿದರಾಯನ ಎಂಬತ್ತು ಕುರಿಗಳೂ ಏರಿಯ ಮೇಲೆ ಸಾಲಾಗಿ ನಿಂತು ನೀರನ್ನು ನೋಡುತ್ತಿದ್ದವು. ಮೇಯುವುದಿಲ್ಲ, ಒದರುವುದಿಲ್ಲ. ಎರಡು ಟಗರು ಹಣೆಗೆ ಹಣೆ ಹಚ್ಚಿದ್ದವು, ಗುದ್ದಾಡಲು ಅಲ್ಲ, ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ನಾಯಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಸಿದರಾಯ ಒಂದೊಂದರ ಬಾಯಿ ತೆರೆದು ಮೂಸಿ ನೋಡುತ್ತ ಕಂಗಾಲಾಗಿದ್ದ. ಪೊಲೀಸರು ಹಿಕ್ಕೆಯ ಜಾಡು ಹಿಡಿದು ಬಡಗಣ ಕೊಳ್ಳಕ್ಕೆ ಹೋದರು. ಅಲ್ಲಿ ಆಳೆತ್ತರದ ಗಾಂಜಾ, ಒಂದು ಎಕರೆಗೆ ಕಡಿಮೆಯಿಲ್ಲದಷ್ಟು, ಒಂದು ಅಂಚನ್ನು ಕುರಿ ಮೇದಿದ್ದವು. ಸಿದರಾಯನನ್ನು ಚಾವಡಿಯ ಕೋಣೆಗೆ ತಳ್ಳಿ ಬೀಗ ಹಾಕಿದರು. ಕುರಿಗಳನ್ನು ಕೊಂಡವಾಡಿಗೆ ಕೂಡಿದರು. ಎಂಟು ದನ ಹಿಡಿಯುವ ದೊಡ್ಡಿ ಅದು, ನೀರು ಕುಡಿಸಲು ಒಂದೇ ಕಲ್ಲುದೋಣಿ, ಅದನ್ನು ದಿನಕ್ಕೊಮ್ಮೆ ತುಂಬುವುದು ರೂಢಿ. ಸೋಮವಾರ ಗೋಡೆಯ ಮೇಲೆ ಸುತ್ತು ಎಳೆದರೆ ಕುರಿ ಊರ ಪಾಲು, ಅವನು ಜೇಲಿನ ಪಾಲು ಎಂದು ತೀರ್ಮಾನವಾಯಿತು.

ಊರಲ್ಲಿ ಮಾತ್ರ ಇನ್ನೊಂದೇ ಚರ್ಚೆ. ಗಾಂಜಾ ಸಿಕ್ಕಿದ ಜಾಗ ಗೋಡೆಯ ಮೇಲೆ ಕರಿಬಂಡೆ. ಎಷ್ಟೋ ವರ್ಷದಿಂದ ಅಲ್ಲಿ ಕಪ್ಪನೆಯ ಬೋಳು ಬಂಡೆಯೇ ಕಾಣುತ್ತಿತ್ತು. ಬಂಡೆಯ ಮೇಲೆ ಬೆಳೆ ಹೇಗೆ ಬಂತು? ಕುರಿಗಾರ ಮಂತ್ರ ಹಾಕಿ ಕಲ್ಲು ಕರಗಿಸಿದ್ದಾನೆ ಎಂದರು ಕೆಲವರು. ಪೊಲೀಸರು ಹಾದಿ ತಪ್ಪಿ ಮತ್ತೊಂದು ಊರಿನ ಕೊಳ್ಳಕ್ಕೆ ಹೋಗಿ ಬಂದಿದ್ದಾರೆ ಎಂದರು ತಿಪ್ಪವ್ವನ ಕಡೆಯವರು. ಗೋಡೆ ತಪ್ಪಿದ್ದೀತು ಎಂದು ಒಬ್ಬರೂ ಅನ್ನಲಿಲ್ಲ.

ಈಗ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಅಲ್ಲಿ ಬಂಡೆಯಿಲ್ಲ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅಪ್ಪ ಕಂದೀಲು ತೂಗುಹಾಕಲು ಗೋಡೆಗೆ ಮೊಳೆ ಹೊಡೆಯಹೋಗಿ ಒಂದು ಅಂಗೈಯಗಲ ಗಿಲಾವು ಉದುರಿಸಿದ್ದ. ಹೊಸದಾಗಿ ಮೆತ್ತಿದ ಗಿಲಾವಿನ ಮೇಲೆ ಚಿತ್ರ ಮೂಡಲಿಲ್ಲ. ಗೋಡೆ ಕೆಡಿಸಿದವರು ಕೋಲು ಬಿಟ್ಟುಕೊಡಬೇಕು ಎಂಬ ಕಟ್ಟು ನಮ್ಮಲ್ಲಿದೆ. ಅಪ್ಪ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಅಷ್ಟು ಜಾಗದಲ್ಲಿ ಕೈಯಾರೆ ಒಂದು ಬಂಡೆ ಬರೆದ. ನಾನು ಸುಣ್ಣ ಅರೆದುಕೊಟ್ಟೆ, ಅಡಿವೆಪ್ಪ ಮಸಿಯ ಬಟ್ಟಲು ಹಿಡಿದ. ಸಂಜೆ ಚಿತ್ರ ಮಾಸಿದ ಮೇಲೂ ಅದೊಂದು ಉಳಿಯುತ್ತಿತ್ತು. ಕೇಳಿದವರಿಗೆ ಮಾಳಿಗೆ ಸೋರಿದ ಕಲೆ ಎನ್ನುತ್ತಿದ್ದೆವು. ಪ್ರತಿ ವರ್ಷ ದಸರೆಗೆ ಮುಂಚೆ ಚಾವಡಿ ಖಾಲಿಯಿದ್ದ ಹೊತ್ತು ನೋಡಿ, ನನ್ನ ಅಂಗೈ ಇಟ್ಟು ಅಳೆದು ಮತ್ತೆ ಮಸಿ ಕೊಡುತ್ತಿದ್ದೆವು. ಹದಿನೆಂಟು ವರ್ಷ ಊರ ಮುಂದೆ ಕೋಲು ಹಿಡಿದು ಆ ಸುಳ್ಳನ್ನು “ಕರಿಬಂಡೆ” ಎಂದು ಓದಿದವಳು ನಾನು. ಅಸಲಿಗೆ ಅಲ್ಲಿ ಏನಿದೆ ಎಂದು ಒಂದು ಸಲವೂ ನಡೆದು ಹೋಗಿ ನೋಡಿರಲಿಲ್ಲ.

ಈ ಗುಟ್ಟು ತಿಳಿದವರು ಮೂವರು. ಅಪ್ಪ ಸತ್ತ, ಉಳಿದವರು ಇಬ್ಬರು. ಇಷ್ಟು ಸಣ್ಣ ಮಾತು ನನಗೆ ಎರಡು ದಿನ ಹೊಳೆಯಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಹೊಳೆದದ್ದು ಬೇರೆ: ಈ ಕುರಿಗಾರ ನಮ್ಮ ಗುಟ್ಟು ಹಿಡಿದಿದ್ದಾನೆ, ನಾಳೆ ಬಾಯಿಬಿಟ್ಟರೆ ನನ್ನ ಕೋಲು ಹೋಗುತ್ತದೆ. ಶನಿವಾರ ಮುಂಜಾನೆ ಅವನ ಕೋಣೆಯ ಸರಳಿನ ಕಿಟಕಿಯ ಮುಂದೆ ಹೋಗಿ ನಿಂತೆ.

“ಯವ್ವಾ, ಕುರಿಗೆ ನೀರಿಟ್ಟಾರೇನ?” ಅವನು ಮೊದಲು ಕೇಳಿದ್ದು ಇದನ್ನೇ. “ಎರಡು ಮರಿ ಹೋದುವಂತ ಪೊಲೀಸಪ್ಪ ಹೇಳಿದ. ದೋಣಿ ಎರಡ ಸರ್ತಿ ತುಂಬಸ್ರಿ ಅಂತ ಹೇಳ್ರಿ, ನಿಮ್ಮ ಕಾಲ ಬೀಳತೇನಿ.”

“ಅದಿರಲಿ. ಆ ಜಾಗಾ ನಿನಗ ಹೆಂಗ ಗೊತ್ತಾತು?”

“ಗ್ವಾಡ್ಯಾಗ ನೋಡೀನಿ. ಹುಲ್ಲು ಇರಬೇಕಂತ ಕುರಿ ಹೊಡಕೊಂಡ ಹೋದೆ. ಹುಲ್ಲಲ್ಲ ಅಂತ ತಿಳಿಯೂದರಾಗ ಅವು ಬಾಯಿ ಹಾಕಿದ್ವು.”

“ಗ್ವಾಡ್ಯಾಗ ಅಲ್ಲಿ ಕಲ್ಲು ಐತಿ.”

ಅವನು ನನ್ನ ಮುಖ ನೋಡಿದ. “ಕಲ್ಲು ಬರದಾರ ಯವ್ವಾ. ಹಳ್ಳ ಆ ಕಡಿಂದ ಒಣಗಿಕೋತ ಕಲ್ಲಿನಾಗ ಹೋಗಿ ಈ ಕಡಿಂದ ಹಸರು ಕಟ್ಟಿಕೊಂಡು ಬರತೈತಿ. ಕಲ್ಲಿನ ಮ್ಯಾಲ ಹಾದ ಹಳ್ಳ ಹಂಗ ಬರೂದಿಲ್ಲ. ಮನಿ ನೆರಳು, ಗಿಡದ ನೆರಳು ವಾರದಿಂದ ವಾರಕ್ಕ ಕೂದಲೆಳಿಯಷ್ಟರ ಸರೀತಾವ. ಆ ಕಲ್ಲಿಂದು ಮೂರು ಸ್ವಾಮಾರ ನೋಡೀನಿ, ಸರದಿಲ್ಲ.”

ಹದಿನೆಂಟು ವರ್ಷ ಓದಿದ ನನಗಿಂತ ಮೂರು ಸೋಮವಾರ ನೋಡಿದ ಇವನ ಕಣ್ಣು ಚುರುಕಾಗಿತ್ತು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಹೆದರಿಕೆ ಬಂತು. “ಇದನ್ನ ಫೌಜದಾರರಿಗೆ ಹೇಳಿದಿ?” ಎಂದೆ.

“ಅವರು ಕೇಳಲಿಲ್ಲ. ಬರದವರು ಯಾವ ಕಷ್ಟಕ್ಕ ಬರದಾರೋ, ಅವರ ಹೊಟ್ಟಿ ಮ್ಯಾಲ ನಾ ಯಾಕ ಹೊಡೀಲಿ ಅಂತ ಸುಮ್ಮನಾದೆ. ಕೈ ಭಾಳ ಚಲೋ ಐತಿ ಬರದವರದು. ಆದ್ರ ಒಂದು ಮಾತು ಯವ್ವಾ. ಎರಡನೇ ಸ್ವಾಮಾರಕ್ಕೂ ಮೂರನೇ ಸ್ವಾಮಾರಕ್ಕೂ ನಡುವ ಆ ಕಲ್ಲು ಒಂದೀಟು ದೊಡ್ಡದಾಗೇತಿ.”

ನಾನು ಚಾವಡಿಯ ಗೋಡೆಯ ಮುಂದೆ ಹೋದೆ. ಶನಿವಾರದ ಗೋಡೆ ಖಾಲಿ, ಬಡಗಣ ಮೂಲೆಯಲ್ಲಿ ಅದೊಂದು ಕಪ್ಪು ಕಲೆ. ಅಂಗೈ ಅಗಲಿಸಿ ಅದರ ಮೇಲಿಟ್ಟೆ. ಎಡಕ್ಕೆ ಸರಿಯಾಗಿ ಮುಚ್ಚಿತು. ಬಲಕ್ಕೆ, ಕೊಳ್ಳದ ಇಳಿಜಾರಿನ ಕಡೆ, ಎರಡು ಬೆರಳು ಕಪ್ಪು ಹೊರಗೆ ಉಳಿಯಿತು. ತೋರುಬೆರಳಿನಿಂದ ಉಜ್ಜಿದೆ. ಅಪ್ಪನ ಮಸಿ ಒಣಗಿ ಕಲ್ಲಾಗಿತ್ತು, ಈ ಎರಡು ಬೆರಳಿನದು ಕೈಗೆ ಹತ್ತಿತು. ಮೂಸಿದೆ. ಕುಸುಬಿ ಎಣ್ಣೆ. ನಮ್ಮ ಮನೆಯ ಒಗ್ಗರಣೆಯ ಎಣ್ಣೆ ಕುಸುಬಿಯದೇ, ಹತ್ತು ಹನ್ನೆರಡು ದಿನದಿಂದ ಡಬ್ಬಿಯಲ್ಲಿ ಎಣ್ಣೆ ಇಳಿಯುತ್ತಿದೆ ಎಂದು ನಾನು ಹಾಲಿನವಳನ್ನು ಅನುಮಾನಿಸಿದ್ದೆ.

ಮನೆಗೆ ಹೋದಾಗ ಅಡಿವೆಪ್ಪ ಪಡಸಾಲೆಯಲ್ಲಿ ಕೂತು ತಾಡಪತ್ರಿಯ ಧೂಳು ಕೊಡವುತ್ತಿದ್ದ. ನಾನು ಮಸಿ ಹತ್ತಿದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದೆ.

“ಯಾವಾಗಿಂದ?” ಎಂದೆ.

“ಮುಂಗಾರಿಂದ.”

“ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡದಂಗ ಆತಲ್ಲೋ. ಯಾರಿಗೂ ಕಾಣೂದಿಲ್ಲ ಅಂತ ತಿಳಿದಿ?”

“ಕಾಣಲಿಲ್ಲಲ್ಲ ಅಕ್ಕಾ,” ಎಂದ ಅವನು ಮೆಲ್ಲಗೆ. “ಆ ಕುರಿ ಬರದಿದ್ರ ಯಾರಿಗೂ ಕಾಣತಿದ್ದಿಲ್ಲ. ನಾ ಯಾರ ಹೊಲಾ ಕದ್ದೀನಿ? ಯಾರ ಬೆಳಿ ಕೆಡಿಸೀನಿ? ಅಲ್ಲಿ ಕಲ್ಲು ಐತಿ ಅಂತ ವಾರಾ ವಾರಾ ಊರಿಗೆಲ್ಲ ಹೇಳಿದಾಕಿ ನೀನು. ನಾ ಕಲ್ಲಿನ ಮ್ಯಾಲ ಬಿತ್ತೀನಿ. ಬೆಳಿ ಕೆಳಗ ಹಬ್ಬಿತು, ಅದಕ್ಕ ಕಲ್ಲೂ ಎರಡು ಬೆರಳು ಹಬ್ಬಿಸಿದೆ.”

“ಕುರಿಗಾರ ಒಳಗ ಕುಂತಾನಲ್ಲ?”

“ಅವ ಹೊರಗಿನವ. ಅವನ ಮ್ಯಾಲ ಫೌಜದಾರಗ ಮದಲ ಅನುಮಾನ ಹಚ್ಚಿದಾಕಿ ನೀನ. ನಾ ಅವನ ಹೆಸರೂ ಎತ್ತಿಲ್ಲ.”

ಮಾತು ಎದೆಗೆ ನಾಟಿತು, ಯಾಕೆಂದರೆ ನಿಜವಿತ್ತು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. “ಅಪ್ಪ ಇದ್ದಿದ್ರ ನಿನ್ನ ಕೈ ಕಡೀತಿದ್ದ,” ಎಂದೆ.

ಅಡಿವೆಪ್ಪ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. “ಕಂದೀಲು ತೂಗಹಾಕಾಕ ಗ್ವಾಡಿ ನಟ್ಟನಡುವ ಬಿಟ್ಟು ಮೂಲ್ಯಾಗ ಯಾರರ ಮೊಳಿ ಹೊಡೀತಾರೇನು? ಆ ಕೊಳ್ಳದಾಗ ಹಳೇ ಒಡ್ಡು ಅದಾವ ಅಕ್ಕಾ. ಸಾಲಾಗಿ ಕಲ್ಲಿಟ್ಟು ಕಟ್ಟಿದ್ದು. ನಾ ಕಟ್ಟಿದ್ದಲ್ಲ, ನನಗಿಂತ ಮದಲ ಅಲ್ಲಿ ಬೆಳಿ ತಗದವರು ಕಟ್ಟಿದ್ದು. ನೀ ಎಲ್ಲಾರನೂ ಅನುಮಾನ ಮಾಡಿದಿ, ಮನ್ಯಾಗಿನವರನ್ನ ಬಿಟ್ಟು.”

ಅವನು ಹೇಳಿದ್ದು ನಿಜವೋ, ತನ್ನ ತಪ್ಪಿಗೆ ಸತ್ತವನನ್ನು ಜೊತೆಗೆ ಕರೆದುಕೊಂಡನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನು ಕೇಳುವ ಹಾಗಿರಲಿಲ್ಲ. ತಮ್ಮ ತಾಡಪತ್ರಿ ಮಡಿಚುತ್ತ ಹೇಳಿದ, “ಹೇಳಿದ್ರ ನಿನ್ನ ಕೋಲೂ ಹೋಗತೈತಿ. ನೀ ಹೇಳೂದಿಲ್ಲ ಅಂತ ನನಗ ಗೊತ್ತೈತಿ.” ಆ ನಂಬಿಕೆಯಷ್ಟು ನನ್ನನ್ನು ಬೇರೇನೂ ನೋಯಿಸಲಿಲ್ಲ. ನಾನೇ ಕಲಿಸಿದ ನಂಬಿಕೆ ಅದು. ಚಿಕ್ಕವನಿದ್ದಾಗ ಮಡಕೆ ಒಡೆದರೂ, ಬೆಲ್ಲ ಕದ್ದರೂ ಅಕ್ಕ ಹೇಳುವುದಿಲ್ಲ ಎಂದು ನನ್ನ ಸೆರಗಿನ ಹಿಂದೆ ನಿಲ್ಲುತ್ತಿದ್ದ.

ರವಿವಾರ ನಾನು ಊಟ ಮಾಡಲಿಲ್ಲ. ಹಡೆದವಳಲ್ಲದಿದ್ದರೂ ಸಾಕಿದವಳು. ಹೊರಗಿನವನೊಬ್ಬ ನಾಲ್ಕು ದಿನ ಒಳಗೆ ಕೂತರೆ ಏನಾದೀತು ಎಂದು ಮನಸ್ಸಿಗೆ ಹತ್ತು ಸಲ ಹೇಳಿಕೊಂಡೆ. ಹೇಳಿಕೊಂಡಷ್ಟು ಸಲವೂ ಕೊಂಡವಾಡಿಯ ಕಡೆಯಿಂದ ಕುರಿ ಒದರುವುದು ಕೇಳುತ್ತಿತ್ತು. ಅವುಗಳ ಅಮಲು ಇಳಿದು ನೀರಡಿಕೆ ಏರಿತ್ತು. ನಾನು ಹೋಗಿ ದೋಣಿ ತುಂಬಿಸಬಹುದಿತ್ತು. ಓದುವವಳೇ ನೀರು ಹಾಕಿದರೆ ಜನ ಏನೆಂದುಕೊಂಡಾರು ಎಂದು ಹೋಗಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸೋಮವಾರ ಇಡೀ ಊರು ಚಾವಡಿಯ ಮುಂದೆ ನೆರೆದಿತ್ತು. ಸಿದರಾಯನನ್ನು ಹೊರಗೆ ತಂದು ನಿಲ್ಲಿಸಿದ್ದರು. ಅಡಿವೆಪ್ಪ ಹಿಂದಿನ ಸಾಲಿನಲ್ಲಿ, ಬೇವಿನ ಮರಕ್ಕೆ ಆತು ನಿಂತಿದ್ದ. ಚಿತ್ರ ಮೂಡಿತು. ರೂಢಿಯಂತೆ ಎಲ್ಲರೂ ಮೊದಲು ತಂತಮ್ಮ ಮಾಳಿಗೆ ನೋಡಿಕೊಂಡರು. ನಾನು ಕೊಂಡವಾಡಿ ನೋಡಿದೆ. ಸಣ್ಣ ಚೌಕದೊಳಗೆ ಕುರಿಗಳು ಗಸಗಸೆ ಕಾಳು ಸುರಿದಂತೆ ಒತ್ತಿಕೊಂಡಿದ್ದವು, ಒಂದೊಂದಕ್ಕೂ ಪಕ್ಕದಲ್ಲಿ ಚೂರು ನೆರಳು. ಬೇಲಿಯ ಹೊರಗೆ ಇನ್ನೂ ಹನ್ನೊಂದು ಕಾಳು ಸಾಲಾಗಿದ್ದವು. ಅವಕ್ಕೆ ನೆರಳಿರಲಿಲ್ಲ. ನಿಂತದ್ದಕ್ಕೆ ನೆರಳಿರುತ್ತದೆ, ಬಿದ್ದದ್ದಕ್ಕೆ ಇರುವುದಿಲ್ಲ, ಇದು ಅಪ್ಪ ಕಲಿಸಿದ ಮೊದಲ ಪಾಠ. ಸಿದರಾಯನೂ ಅದನ್ನೇ ನೋಡುತ್ತಿದ್ದ. ಅವನ ತುಟಿ ಎಣಿಸುತ್ತಿತ್ತು.

“ಎಳೀರಿ ನೀಲವ್ವ,” ಎಂದರು ಫೌಜದಾರರು. “ಕೆರಿ ದಂಡಿಗೆ ಇವನ ಬೀಡೈತಿ, ಅಲ್ಲಿ ಒಂದು ಸುತ್ತು ಹಾಕ್ರಿ, ಮುಗೀತು.”

ನಾನು ಸುಣ್ಣದ ಬಟ್ಟಲು ಕೆಳಗಿಟ್ಟೆ. ಸುಣ್ಣ ಕಲಸುವ ಕಬ್ಬಿಣದ ಹುಟ್ಟನ್ನು ತೆಗೆದುಕೊಂಡು ಬಡಗಣ ಮೂಲೆಗೆ ಹೋಗಿ, ಕರಿಬಂಡೆಯನ್ನು ಕೆರೆದೆ. ಮೊದಲು ಎರಡು ಬೆರಳಿನ ಹಸಿ ಮಸಿ ಉದುರಿತು, ಅದರ ಕೆಳಗಿಂದ ಹಚ್ಚ ಹಸಿರು ಇಣುಕಿತು. ಆಮೇಲೆ ಅಪ್ಪನ ಬಂಡೆ ಹೆಕ್ಕಳೆಯಾಗಿ ಎದ್ದು ಬಂತು, ಅದರ ಕೆಳಗೆ ಬರಿಯ ಮಣ್ಣು. ತಿಪ್ಪವ್ವ “ಯವ್ವಯವ್ವಾ!” ಎಂದು ಬಾಯಿಗೆ ಕೈ ಇಟ್ಟುಕೊಂಡಳು.

“ಇದನ್ನ ಬರದವರು ಯಾರು?” ಫೌಜದಾರರ ದನಿ ಬೇರೆಯಾಗಿತ್ತು.

“ನಮ್ಮಪ್ಪ. ಆಮ್ಯಾಲ ನಾವು.”

“ನಾವು ಅಂದ್ರ ಯಾರ್ಯಾರು?”

ಬೆರಳನ್ನು ಸುಣ್ಣದಲ್ಲಿ ಅದ್ದಿ, ಚಿತ್ರದ ನಡುವೆ ನಮ್ಮ ಮಾಳಿಗೆ ಹುಡುಕಿದೆ. ಎಳೆಯ ಬಿಸಿಲಿನಲ್ಲಿ ಅದು ಬಹಳ ಸಣ್ಣದಾಗಿ ಕಂಡಿತು. ಅದರ ಸುತ್ತ ಎಂಟನೆಯ ಸುತ್ತು ಎಳೆದೆ. ತಿರುಗಿ ನೋಡಿದಾಗ ಬೇವಿನ ಮರದ ಬಳಿ ಯಾರೂ ಇರಲಿಲ್ಲ. ಜನ ಗೋಡೆಗೆ ಮುಗಿಬಿದ್ದು ಮಣ್ಣು ಮುಟ್ಟಿ ಮುಟ್ಟಿ ನೋಡುತ್ತಿದ್ದರಿಂದ ಫೌಜದಾರರಿಗೆ ಹಾದಿ ಬಿಡಿಸಿಕೊಂಡು ನಮ್ಮ ಮನೆ ಮುಟ್ಟಲು ತಡವಾಯಿತು. ಅಷ್ಟರಲ್ಲಿ ಅಟ್ಟದಿಂದ ಒಂದು ತಾಡಪತ್ರಿ ಕಡಿಮೆಯಾಗಿತ್ತು. ತೇಪೆ ಹಚ್ಚಿದ್ದು.

ಸಿದರಾಯ ಉಳಿದ ಕುರಿ ಹೊಡೆದುಕೊಂಡು ನಮ್ಮ ಮನೆಯ ಮುಂದೆಯೇ ಹಾದುಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಕೈಮುಗಿದಾನು ಎಂದು ನನ್ನೊಳಗೆ ಎಲ್ಲೋ ಒಂದು ಆಸೆಯಿತ್ತು. ಅವನು ನಿಂತು ಹೇಳಿದ, “ಹನ್ನೊಂದು ಹೋದ್ವು ಯವ್ವಾ. ಶನಿವಾರ ಹೇಳಿದ್ರ ಎರಡ ಹೋಗಿರತಿದ್ವು.” ನಾಯಿಯನ್ನು ಕರೆದು ನಡೆದುಬಿಟ್ಟ. ನಾನು ಬಾಗಿಲು ಹಾಕಿಕೊಂಡು, ತಮ್ಮನಿಗಾಗಿ ಅತ್ತೆನೋ ಆ ಹನ್ನೊಂದಕ್ಕಾಗಿ ಅತ್ತೆನೋ ತಿಳಿಯದ ಹಾಗೆ ಅತ್ತೆ.

ಸುತ್ತು ನನಗೂ ಬಿದ್ದಿತ್ತು. ತನಗೆ ತಾನೇ ಸುತ್ತು ಎಳೆದುಕೊಂಡವಳನ್ನು ಏನು ಮಾಡಬೇಕು ಎಂದು ಊರ ಪಂಚರಿಗೆ ತಿಳಿಯಲಿಲ್ಲ. ಕೊನೆಗೆ ಸೀಮೆ ದಾಟುವುದು ಬೇಡ, ಕೋಲು ಕೊಟ್ಟು ಮನೆಯಲ್ಲಿರಲಿ ಎಂದರು. ಕೋಲು ಈಗ ಗುರುಪಾದ ಮಾಸ್ತರರ ಕೈಯಲ್ಲಿದೆ. ಊರು ಮಾತ್ರ ಮೊದಲಿನ ಹಾಗಿಲ್ಲ. ಸೋಮವಾರ ಜನ ಮೊಳೆ, ಚಮಚ, ಹೇರ್‌ಪಿನ್ನು ಹಿಡಿದು ಬರುತ್ತಾರೆ. ಎದುರುಮನೆಯವರ ಬಾವಿ ಅಸಲೋ ಬರೆದದ್ದೋ ಎಂದು ಗೋಡೆ ಕೆರೆದು ನೋಡುತ್ತಾರೆ. ಹಾಗೆ ಕೆರೆದೂ ಕೆರೆದೂ ಕೆರೆಯ ಅರ್ಧ, ಶಾಲೆಯ ಮೈದಾನ, ತಿಪ್ಪವ್ವನ ಮೈದುನನ ಇಡೀ ಮನೆ ಗೋಡೆಯಿಂದ ಉದುರಿಹೋಗಿವೆ. ಎಲ್ಲರೂ ನಡೆದು ಹೋಗಿ ನೋಡಲು ಕಲಿತಿದ್ದಾರೆ. ಬದುವಿನ ಮೇಲೆ ಒಬ್ಬರಿಗೊಬ್ಬರು ಎದುರಾದಾಗ, ನೀ ಯಾಕೆ ಬಂದಿ ಎಂದು ಇಬ್ಬರೂ ಕೇಳುತ್ತಾರೆ.

ನಾನೂ ಸೋಮವಾರ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ನಮ್ಮ ಮಾಳಿಗೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಯಾರೂ ಇಲ್ಲದ ಜಾಗವನ್ನೇ ನೋಡುತ್ತೇನೆ. ಅದೆಲ್ಲ ಆದ ಆರನೆಯ ಸೋಮವಾರ, ಬಡಗಣ ಕೊಳ್ಳದಿಂದ ಇನ್ನೂ ಆಚೆ, ಸೀಮೆಯ ಅಂಚಿನಲ್ಲಿ ಎರಡು ಗುಡ್ಡದ ಸಂದಿಯಲ್ಲಿ ಒಂದು ಕರಿಯ ಚುಕ್ಕೆ ಕಂಡಿತು. ಹಿಂದಿನ ವಾರ ಇರಲಿಲ್ಲ. ಜೋಳದ ಕಾಳಿಗಿಂತ ದೊಡ್ಡದಲ್ಲ. ಎದುರು ನಿಂತವರ ಹೆಗಲ ಸಂದಿಯಿಂದ ಮುಂದೆ ನುಗ್ಗಿ ನೋಡಿದೆ. ಚುಕ್ಕೆಯ ಒಂದು ಮೂಲೆಯಲ್ಲಿ ಗಸಗಸೆಯಷ್ಟು ಬಿಳಿಯಿತ್ತು, ಮೂರು ಮೂಲೆಯದು.

“ಅದೇನದು?” ಮಾಸ್ತರರು ಕೋಲಿನ ತುದಿಯನ್ನು ಅದರ ಮೇಲೇ ಇಟ್ಟರು. ಅವರಿಗೆ ಗೋಡೆ ಇನ್ನೂ ಹೊಸತು, ಗೊತ್ತಾಗದ್ದನ್ನು ನನ್ನನ್ನೇ ಕೇಳುತ್ತಾರೆ. ಫೌಜದಾರರೂ ಪಕ್ಕದಲ್ಲಿದ್ದರು. “ನೀಲವ್ವಾರ, ಇದು ಏನಿದ್ದೀತು?”

“ಕಲ್ಲರಿ,” ಎಂದೆ. “ಮ್ಯಾಲ ಹಕ್ಕಿ ಹಿಕ್ಕಿ ಹಾಕಿರಬೇಕು.”

ಮಾಸ್ತರರು ಗೋಡೆಯನ್ನು ಬಿಟ್ಟು ನನ್ನ ಮುಖ ನೋಡಿದರು. ಅವರ ಹಿಂದೆ ಫೌಜದಾರರು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ತಮ್ಮ ಮಾಳಿಗೆಗಳನ್ನು ಬಿಟ್ಟು ಇತ್ತ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಫೌಜದಾರರು ಬಗ್ಗಿ ಬೂಟಿನ ಲಾಡಿ ಬಿಗಿದುಕೊಳ್ಳತೊಡಗಿದರು.